ಶಿಶುವಿಹಾರಕ್ಕೆ ಮೇಷ್ಟ್ರು ಬೇಕಾಗಿದ್ದಾರೆ

ನಾರ್ವೆಯ ಶಿಶುವಿಹಾರಗಳ ಸಿಬ್ಬಂದಿಯಲ್ಲಿ ಗಂಡಸರು ಸುಮಾರು ಶೇ. 10. ಅಮೆರಿಕದಲ್ಲಿ ಪ್ರಿಸ್ಕೂಲ್, ಕಿಂಡರ್‌ಗಾರ್ಟನ್ ಶಿಕ್ಷಕರನ್ನು ಒಟ್ಟಿಗೆ ಎಣಿಸಿದರೂ ಶೇ. 3ರ ಆಸುಪಾಸು. ನಾರ್ವೆಯ ಲೆಕ್ಕದಲ್ಲಿ ಸಹಾಯಕರೂ ಸೇರಿದ್ದಾರೆ ನಿಜ. ಆದರೂ ಅಂತರ ಸಣ್ಣದಲ್ಲ.

ಇದು ತಾನಾಗಿ ಆದದ್ದೇನಲ್ಲ. ನಾರ್ವೆ ಸರ್ಕಾರ 1990ರ ದಶಕದಲ್ಲೇ ಶೇ. 20ರ ಗುರಿ ಇಟ್ಟುಕೊಂಡಿತು. ಅರ್ಹತೆ ಸರಿಸಮವಿದ್ದರೆ ಗಂಡಸಿಗೇ ಆದ್ಯತೆ ಕೊಡಬಹುದೆಂದು 1998ರಲ್ಲಿ ನಿಯಮ ಮಾಡಿತು. ಮೀಸಲಾತಿಯ ಚರ್ಚೆ ಕೇಳಿ ಬೆಳೆದ ನಮಗೆ ಇದು ತಿರುಗುಮುರುಗಾಗಿ ಕಾಣಬಹುದು. ಇಡೀ ದಿನ ಕಾಡು, ಮೈದಾನದಲ್ಲೇ ಕಳೆಯುವ ಬಯಲು ಶಿಶುವಿಹಾರಗಳಲ್ಲಂತೂ ಗಂಡಸರು ಇನ್ನೂ ಹೆಚ್ಚು. ಮಕ್ಕಳಿಗೆ ಮಳೆಯಂಗಿ, ಗಂಬೂಟು ತೊಡಿಸುವುದು, ಮರ ಹತ್ತಿಸುವುದು, ಸುರಿಯುವ ಮೂಗು ಒರೆಸುವುದು ಎಲ್ಲವೂ ಮೇಷ್ಟ್ರ ಕೆಲಸವೇ. ಹಾಗಿದ್ದೂ ದೇಶ ಶೇ. 20 ಮುಟ್ಟಿಲ್ಲ.

ಅಮೆರಿಕದಲ್ಲಿ ಅಡ್ಡಿ ಮುಖ್ಯವಾಗಿ ಸಂಬಳದ್ದು. 2023ರಲ್ಲಿ ಪ್ರಿಸ್ಕೂಲ್ ಶಿಕ್ಷಕರ ಮಧ್ಯಮ ವಾರ್ಷಿಕ ವೇತನ ಸುಮಾರು 37,000 ಡಾಲರ್. ಪ್ರಾಥಮಿಕ ಶಾಲೆಯವರದು 63,000ಕ್ಕೂ ಮೇಲೆ. ಸಂಸಾರ ತೂಗಿಸಬೇಕಾದವರು ಯಾವ ಕಡೆ ವಾಲುತ್ತಾರೆಂಬುದು ಗುಟ್ಟೇನಲ್ಲ. ಇದರ ಜೊತೆಗೆ, ಗಂಡಸು ಮಗುವಿನ ಡಯಾಪರ್ ಬದಲಿಸುತ್ತಾನೆಂದರೆ ಹುಬ್ಬೇರಿಸುವ ಪೋಷಕರು ಎರಡೂ ದೇಶಗಳಲ್ಲಿದ್ದಾರೆ.