ಅಂಗಹಾನಿಯ ಅನಂತರದ ಓಟ

ಕಾಲು ಕಳೆದುಕೊಂಡವರಿಗೆ ಓಟವು ಮುಗಿಯಿತೆಂಬ ಭಾವನೆ ಜನಮನದಲ್ಲಿ ಬೇರೂರಿದೆ. ಬೆಂಗಳೂರಿನ ಶಾಲಿನಿ ಸರಸ್ವತಿಯವರು ಅದನ್ನು ಹುಸಿಯಾಗಿಸಿದರು. 2012ರಲ್ಲಿ ತಗುಲಿದ ಸೋಂಕಿನಿಂದ ಎರಡೂ ಕೈಗಳನ್ನೂ ಎರಡೂ ಕಾಲುಗಳನ್ನೂ ಕಳೆದುಕೊಂಡ ಅವರು 2016ರಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟವನ್ನು ಪೂರೈಸಿದರು.

ಇದು ಕ್ರಮಸಾಧನೆಯ ಫಲ. ಮೊದಲು ಗಾಯವು ಮಾಯಬೇಕು. ಬಳಿಕ ಕೃತಕ ಕಾಲಿನ ಮೇಲೆ ನಿಲ್ಲುವುದು, ಅನಂತರ ನಡೆಯುವುದು, ಕಡೆಗೆ ಓಡುವುದು. ಓಟಕ್ಕೆಂದೇ ಇಂಗಾಲದ ಎಳೆಗಳಿಂದ ರಚಿತವಾದ ಬಾಗಿದ ಪಾದವುಂಟು. ದೇಹಭಾರಕ್ಕೆ ಬಿಲ್ಲಿನಂತೆ ಬಗ್ಗಿ, ಮರಳಿ ಚಿಮ್ಮಿ, ಅದು ಓಟಗಾರನನ್ನು ಮುಂದೊತ್ತುತ್ತದೆ. ಆದರೆ ಸೊಂಟ, ತೊಡೆಗಳ ಬಲವನ್ನು ಅಭ್ಯಾಸವೇ ಕೊಡಬೇಕು; ಕೃತಕ ಕಾಲು ತಿಕ್ಕಿ ಹುಣ್ಣಾದಾಗ ವಿರಮಿಸಲೂ ಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಶಾಲೆಗಳಲ್ಲಿಯೂ ಅಂತಹ ಮಗುವಿಗೆ ಕ್ರೀಡಾದಿನದಂದು ಮೈದಾನದ ಅಂಚಿನ ಕುರ್ಚಿಯನ್ನು ಕೊಡದೆ, ಓಟದ ಸಾಲಿನಲ್ಲಿಯೇ ಒಂದು ಸ್ಥಾನವನ್ನು ಕಾಯ್ದಿರಿಸುವುದು ಗುರುಧರ್ಮ.