ದೂರದ ಹಿಮ, ಹತ್ತಿರದ ಕಡಲು

ಗ್ರೀನ್‌ಲೆಂಡಿನ ನೆಲವನ್ನು ಆವರಿಸಿರುವ ಹಿಮರಾಶಿಯು ಕರಗಿ ಕಡಲನ್ನು ಕೂಡಿಕೊಂಡಾಗ ನೀರು ಎಲ್ಲಕ್ಕಿಂತ ಹೆಚ್ಚಾಗಿ ಏರುವುದು ಆ ದ್ವೀಪದ ಅಂಚಿನಲ್ಲಿಯೇ ಎಂದು ಯಾರಿಗಾದರೂ ತೋರುವುದು ಸಹಜ. ವಾಸ್ತವದಲ್ಲಿ ಅಲ್ಲಿ ಸಮುದ್ರವು ತಗ್ಗುತ್ತದೆ. ಏರುವುದು ದೂರದ ತೀರಗಳಲ್ಲಿ.

ತೇಲುವ ಹಿಮವು ತನ್ನ ತೂಕದಷ್ಟು ನೀರನ್ನು ಆಗಲೇ ಪಕ್ಕಕ್ಕೆ ಸರಿಸಿರುವುದರಿಂದ, ಅದು ಕರಗಿದ ಮಾತ್ರಕ್ಕೆ ಕಡಲಿನ ಮಟ್ಟದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗದು. ನೆಲದ ಮೇಲೆ ಯುಗಯುಗಗಳಿಂದ ಸಂಚಿತವಾದ ಹಿಮದ ಮಾತು ಬೇರೆ. ಗ್ರೀನ್‌ಲೆಂಡಿನಲ್ಲಿ ಅದು ಸುಮಾರು 17 ಲಕ್ಷ ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಸುಮಾರು 9 ಪಟ್ಟು ವಿಸ್ತಾರವಾಗಿ ಹರಡಿ, ನಡುಭಾಗದಲ್ಲಿ 3 ಕಿಲೋಮೀಟರಿಗೂ ಮಿಕ್ಕಿ ದಪ್ಪವಾಗಿದೆ. ಅದಷ್ಟೂ ಕರಗಿದರೆ ಪ್ರಪಂಚದ ಸಮುದ್ರಗಳು ಸರಾಸರಿ 7 ಮೀಟರಿಗಿಂತ ಹೆಚ್ಚು ಏರುವುವು.

ಬೇಸಗೆಯಲ್ಲಿ ಆ ಶ್ವೇತಪೀಠದ ಮೇಲೆ ನೀಲಿ ಸರೋವರಗಳು ಮೈದೋರುತ್ತವೆ. ತಳದಲ್ಲಿ ಬಿರುಕು ತೆರೆದೊಡನೆ ಅವುಗಳಲ್ಲಿ ಕೆಲವು ಕೆಲವೇ ಗಂಟೆಗಳಲ್ಲಿ ಬರಿದಾಗಿ, ಇಳಿದ ನೀರು ಅಡಿಯ ಬಂಡೆಯನ್ನು ಮುಟ್ಟಿ, ಮೇಲಿನ ಹಿಮವು ಜಾರುವುದಕ್ಕೆ ದಾರಿಮಾಡಿಕೊಡುತ್ತದೆ. ಪಶ್ಚಿಮ ತೀರದ ಇಲುಲಿಸ್ಸಾತ್ ಪಟ್ಟಣದ ಬಳಿ ಕಡಲಿಗಿಳಿಯುವ ಯಾಕೊಬ್ಸ್‌ಹಾವ್ನ್ ಹಿಮನದಿಯು 2012ರ ಬೇಸಗೆಯಲ್ಲಿ ದಿನಕ್ಕೆ ಸುಮಾರು 46 ಮೀಟರಿನಂತೆ ಮುಂದೊತ್ತಿತು. ಕೆಲವು ವರ್ಷಗಳ ತರುವಾಯ ಅದರ ಬಾಯಿಗೆ ಬಂದು ತಾಗುವ ಕಡಲನೀರು ತಣ್ಣಗಾದಾಗ ಆ ಓಟವೂ ತಗ್ಗಿತು. ಕೆಲವರು ಇದನ್ನು ಸಮಾಧಾನದ ಸುದ್ದಿಯೆಂದು ಬಗೆದರೂ, ಸಮುದ್ರದ ಶಾಖಕ್ಕೂ ಹಿಮದ ವೇಗಕ್ಕೂ ಇರುವ ಸಂಬಂಧಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಬಿಸುಪು ಅಂಚಿನಲ್ಲಷ್ಟೇ ಉಳಿದಿಲ್ಲ: 2021ರ ಆಗಸ್ಟ್ 14ರಂದು, ಈ ಹಿಮರಾಶಿಯ 3,200 ಮೀಟರ್ ಎತ್ತರದ ಶಿಖರದ ಮೇಲೆಯೇ, ಅಲ್ಲಿನ ವೀಕ್ಷಣಾಲಯದ ದಾಖಲೆಯಲ್ಲಿ ಮೊದಲ ಬಾರಿಗೆ ಮಳೆ ಬಿತ್ತು.

ಇನ್ನು ಕಡಲು ತಗ್ಗುವ ವಿಚಾರ. ದ್ರವ್ಯವುಳ್ಳ ಪ್ರತಿಯೊಂದು ವಸ್ತುವೂ ಇತರ ವಸ್ತುಗಳನ್ನು ಸೆಳೆಯುವುದಾದ್ದರಿಂದ, ಇಂತಹ ಮಹಾಹಿಮರಾಶಿಯು ಸುತ್ತಲಿನ ಸಾಗರವನ್ನು ತನ್ನತ್ತ ಎಳೆದು ಉಬ್ಬಿಸಿ ನಿಲ್ಲಿಸಿಕೊಂಡಿದೆ. ಹಿಮ ಕರಗಿದಂತೆ ಆ ಸೆಳೆತ ಕುಂದಿ, ಹಿಡಿತ ತಪ್ಪಿದ ನೀರು ದೂರದ ಸಮುದ್ರಗಳಿಗೆ ಹರಡಿಕೊಳ್ಳುತ್ತದೆ. ಭಾರ ಇಳಿದ ನೆಲವೂ ಮೆಲ್ಲನೆ ಮೇಲೇಳುತ್ತದೆ. ಅಮೆರಿಕದ ರಾಬರ್ಟ್ ವುಡ್‌ವರ್ಡ್ ಈ ಸೆಳೆತವನ್ನು 1888ರಷ್ಟು ಹಿಂದೆಯೇ ಗಣಿತದಿಂದ ಎಣಿಸಿ ತೋರಿಸಿದ್ದನು. ಹಿಮ ಕಳೆದುಹೋಗುತ್ತಿರುವುದನ್ನು ಇಂದು ಅಳೆಯುವುದೂ ಅದೇ ಗುರುತ್ವದಿಂದ: 2002ರಲ್ಲಿ ಹಾರಿಸಿದ ಗ್ರೇಸ್ ಎಂಬ ಉಪಗ್ರಹಗಳ ಜೋಡಿಯು, ಕೆಳಗಿನ ದ್ರವ್ಯರಾಶಿಯ ಸೆಳೆತ ಹೆಚ್ಚುಕಡಮೆಯಾದಂತೆ ತಮ್ಮ ನಡುವಣ ಅಂತರದಲ್ಲಾಗುವ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸಿ, ಗ್ರೀನ್‌ಲೆಂಡು ವರ್ಷಕ್ಕೆ ಸುಮಾರು 27,000 ಕೋಟಿ ಟನ್ ಹಿಮವನ್ನು ಕಳೆದುಕೊಳ್ಳುತ್ತಿದೆಯೆಂದು ತಿಳಿಸಿತು. 36,000 ಕೋಟಿ ಟನ್ ಹಿಮ ಕರಗಿದರೆ ಕಡಲು ಸರಾಸರಿ ಒಂದು ಮಿಲಿಮೀಟರ್ ಏರುತ್ತದೆ.

ಗ್ರೀನ್‌ಲೆಂಡಿನ ಹಿಮದೊಡನೆ ಅಂಟಾರ್ಕ್ಟಿಕದ ಹಿಮ, ಪರ್ವತಗಳ ಹಿಮನದಿಗಳು, ಕಾದು ಹಿಗ್ಗುವ ಸಮುದ್ರಜಲ ಇವೆಲ್ಲವೂ ಕೂಡಿ 1900ರಿಂದೀಚೆಗೆ ಕಡಲನ್ನು ಸುಮಾರು 20 ಸೆಂಟಿಮೀಟರ್ ಏರಿಸಿವೆ. ಈಗಿನ ವೇಗ ವರ್ಷಕ್ಕೆ 4 ಮಿಲಿಮೀಟರಿಗೂ ಮಿಗಿಲು.

ಗ್ರೀನ್‌ಲೆಂಡಿನ ಹಿಮದಿಂದಾಗುವ ಏರಿಕೆಯಲ್ಲಿ ನಮ್ಮ ಕರಾವಳಿಯ ಪಾಲು ಸರಾಸರಿಗಿಂತ ತುಸು ಹೆಚ್ಚೇ. ಉಳ್ಳಾಲದ ಕಡಲ್ಕೊರೆತಕ್ಕೆ ಸ್ಥಳೀಯ ಕಾರಣಗಳೂ ಉಂಟು, ನಿಜ. ಆದರೆ ಎತ್ತರಕ್ಕೆ ಬಂದ ಕಡಲಿನ ಮೇಲೆ ಏಳುವ ಮಳೆಗಾಲದ ಅಲೆ ಮೊದಲಿಗಿಂತ ಒಳಕ್ಕೆ ನುಗ್ಗುವುದು, ಉಪ್ಪುನೀರು ಅಳಿವೆಗಳನ್ನು ಹತ್ತಿ ಬಾವಿಗಳತ್ತ ಸರಿಯುವುದು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತವು ಉಪ್ಪನ್ನು ತಾಳಬಲ್ಲುದಾದರೂ ಆ ತಾಳ್ಮೆಗೊಂದು ಮಿತಿಯುಂಟು. ಆದಕಾರಣ ಕಡಲತಡಿಯಲ್ಲಿ ಬಂದರು, ರಸ್ತೆ, ವಸತಿಗಳನ್ನು ಯೋಜಿಸುವವರು ಸಮುದ್ರದ ಇಂದಿನ ಮಟ್ಟವನ್ನಷ್ಟೇ ನಂಬದೆ, ಅವುಗಳಲ್ಲಿ ಬಾಳಬೇಕಾದ ಮಕ್ಕಳ ಕಾಲದ ಮಟ್ಟವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಬೇಡುತ್ತೇನೆ.