ಪುಣೆಯ ಬೇಸಿಗೆಯಲ್ಲಿ ಗ್ರಾಫಿಕ್ಸ್ ಕಾರ್ಡ್

ಡಿಸೆಂಬರ್ ಚಳಿಯಲ್ಲಿ ಸರಾಗವಾಗಿ ಓಡಿದ ಓವರ್‌ಕ್ಲಾಕ್, ಅಂದರೆ ಕಾರ್ಡಿನ ವೇಗವನ್ನು ಕಂಪನಿಯ ನಿಗದಿಗಿಂತ ಏರಿಸಿದ್ದು, ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ಗೇಮ್ ನಡುವೆ ಪರದೆ ಕಪ್ಪಾಗುತ್ತದೆ, ಇಲ್ಲವೇ ಫ್ರೇಮ್‌ಗಳು ತಡವರಿಸುತ್ತವೆ. ಕೊಥ್ರೂಡ್, ಕರ್ವೆನಗರದ ಬಾಡಿಗೆ ಕೋಣೆಗಳಲ್ಲಿದ್ದು ಓದುವ ನಮ್ಮ ಧಾರವಾಡ, ಬೆಳಗಾವಿ ಕಡೆಯ ಹುಡುಗರು ‘ಕಾರ್ಡ್ ಹೋಯ್ತು’ ಎಂದು ಗಾಬರಿ ಬೀಳುವುದು ಈ ದಿನಗಳಲ್ಲೇ. ಎಷ್ಟೋ ಸಲ ಕಾರ್ಡ್ ಹೋಗಿರುವುದಿಲ್ಲ, ಕೋಣೆ ಕಾದಿರುತ್ತದೆ.

ಫ್ಯಾನು, ಹೀಟ್‌ಸಿಂಕು ಎಷ್ಟೇ ದೊಡ್ಡದಿರಲಿ, ಕಾರ್ಡನ್ನು ಕೋಣೆಯ ಉಷ್ಣಾಂಶಕ್ಕಿಂತ ಕೆಳಗಿಳಿಸಲಾರವು. ಎರಡರ ನಡುವಿನ ಅಂತರವನ್ನಷ್ಟೇ ಅವು ಹಿಡಿದಿಡುತ್ತವೆ. 20 ಡಿಗ್ರಿಯ ಕೋಣೆಯಲ್ಲಿ 68ಕ್ಕೆ ನಿಲ್ಲುವ ಚಿಪ್, 36 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 84ರ ಆಸುಪಾಸು ಮುಟ್ಟುತ್ತದೆ. ಆರ್‌ಟಿಎಕ್ಸ್ 4090ಕ್ಕೆ ಎನ್‌ವಿಡಿಯಾ ಹೇಳುವ ಗರಿಷ್ಠ ಮಿತಿ 90. ಅಲ್ಲಿಗೆ ತಲುಪುವ ಮೊದಲೇ ಚಿಪ್ ತನ್ನ ವೇಗವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿಕೊಳ್ಳುತ್ತದೆ. ಓವರ್‌ಕ್ಲಾಕ್‌ನಿಂದ ಬಂದ ಹೆಚ್ಚುವರಿ ವೇಗ ಅಲ್ಲಿಗೆ ವಾಪಸ್ ಹೋಯಿತು. ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಗಾಳಿಯೂ ಮುಂಬೈಗಿಂತ ಶೇ 6ರಷ್ಟು ತೆಳು, ಹಾಗಾಗಿ ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಶಾಖ ತುಸು ಕಡಿಮೆ.

ಇದೇ ತಾಪತ್ರಯವನ್ನು ಈ ಊರು ಬೇರೊಂದು ಅಳತೆಯಲ್ಲಿ ಬಲ್ಲದು. 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಕಟ್ಟಿದ ಸಿ-ಡ್ಯಾಕ್ ಸಂಸ್ಥೆ ಇಲ್ಲಿಯದೇ. 2020ರ ನವೆಂಬರ್‌ನಲ್ಲಿ ವಿಶ್ವದ ಸೂಪರ್‌ಕಂಪ್ಯೂಟರ್‌ಗಳ ಟಾಪ್500 ಪಟ್ಟಿಯ 63ನೇ ಸ್ಥಾನಕ್ಕೆ ಬಂದ ಪರಮ್ ಸಿದ್ಧಿ-ಎಐ ಕೂಡ ಅದರದೇ. ಅದರ ಒಂದೊಂದು ಡಿಜಿಎಕ್ಸ್ ಪೆಟ್ಟಿಗೆಯಲ್ಲಿ ಎಂಟು ಎ100 ಜಿಪಿಯು, ಒಂದೊಂದಕ್ಕೂ 400 ವಾಟ್‌ವರೆಗೆ ವಿದ್ಯುತ್ ಬೇಕು. ಪಾಷಾಣ್‌ನ ವಿಜ್ಞಾನ ಸಂಸ್ಥೆ ಐಸರ್‌ಗೆ 2019ರಲ್ಲಿ ಬಂದ ಪರಮ್ ಬ್ರಹ್ಮದಲ್ಲಂತೂ ಶಾಖ ಹುಟ್ಟುವ ಜಾಗಕ್ಕೇ ನೀರನ್ನು ಹರಿಸಿದರು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಶಾಖ ಹೊರಬಲ್ಲದು.

ಹಾಗಾದರೆ ಮನೆಯಲ್ಲೂ ವಾಟರ್ ಕೂಲಿಂಗ್ ಕಿಟ್ ಹಾಕಿಸಿದರಾಯಿತಲ್ಲ? ಅವಸರ ಬೇಡ. ಅಂಥ ಸಂಸ್ಥೆಗಳಲ್ಲಿ ಶಾಖ ಕೊನೆಗೆ ಕಟ್ಟಡದ ಹೊರಗೆ ಹೋಗುತ್ತದೆ. ಮನೆಯ ಕಿಟ್‌ನ ರೇಡಿಯೇಟರ್ ಅದನ್ನು ನೀವು ಕೂತಿರುವ ಕೋಣೆಗೇ ಬಿಡುತ್ತದೆ. 450 ವಾಟ್‌ನ ಕಾರ್ಡ್ ಎಂದರೆ ಮೇಜಿನ ಕೆಳಗೆ ಅರ್ಧ ಇಸ್ತ್ರಿಪೆಟ್ಟಿಗೆ ಗಂಟೆಗಟ್ಟಲೆ ಕಾದಂತೆ. ಚಿಪ್ ತಣ್ಣಗಾದೀತು, ಕೋಣೆ ಆಗದು. ಕಿಟಕಿಗೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸುವುದು ಎಷ್ಟೋ ಅಗ್ಗ, ಎಷ್ಟೋ ಉಪಯುಕ್ತ.

ಅದಕ್ಕಿಂತ ಮುಖ್ಯವಾದದ್ದು ಶಾಖ ಹುಟ್ಟದಂತೆಯೇ ನೋಡಿಕೊಳ್ಳುವುದು. ಚಿಪ್ ಕೆಲಸ ಮಾಡುವಾಗ ಸುಡುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಮಾತ್ರ ವರ್ಗದ ಪ್ರಮಾಣದಲ್ಲಿ. ಎರಡನ್ನೂ ಶೇ 5ರಷ್ಟು ಏರಿಸಿದರೆ ಶಾಖ ಶೇ 16ರಷ್ಟು ಹೆಚ್ಚು. ವೇಗ ಮುಟ್ಟದೆ 1.05 ವೋಲ್ಟ್ ಅನ್ನು 0.95ಕ್ಕೆ ಇಳಿಸಿದರೆ ಶೇ 18ರಷ್ಟು ಉಳಿತಾಯ. ಇದೇ ಅಂಡರ್‌ವೋಲ್ಟಿಂಗ್. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ವೋಲ್ಟೇಜ್-ವೇಗದ ಕರ್ವ್ ತೆರೆದು ಒಂದೊಂದೇ ಮೆಟ್ಟಿಲು ಇಳಿಸುತ್ತ, ಪ್ರತಿ ಮೆಟ್ಟಿಲಲ್ಲೂ ಒಂದು ಭಾರೀ ಗೇಮ್ ಓಡಿಸಿ ನೋಡಬೇಕು. ಎಲ್ಲ ಚಿಪ್ಪೂ ಅಷ್ಟು ಕಡಿಮೆ ವೋಲ್ಟೇಜಿಗೆ ಒಗ್ಗುವುದಿಲ್ಲ; ಕ್ರ್ಯಾಶ್ ಆದರೆ ಒಂದು ಮೆಟ್ಟಿಲು ಮೇಲೆ ಹತ್ತಿದರಾಯಿತು. ಪುಣೆಯಂಥ ಊರಿನಲ್ಲಿ ಓವರ್‌ಕ್ಲಾಕ್ ಕಲಿಯುವವರು ಮೊದಲು ಕಲಿಯಬೇಕಾದ್ದು ಇದನ್ನೇ ಎಂದು ನಾನು ಬಲವಾಗಿ ನಂಬುತ್ತೇನೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ; ಕಾರ್ಡಿಗಾದರೋ ಈ ಹುಡುಗರು ಎಷ್ಟೋ ತಿಂಗಳ ಉಳಿತಾಯ ಸುರಿದಿರುತ್ತಾರೆ.

ಹಳೆಯ ಕಾರ್ಡಾದರೆ ಬಿಚ್ಚಿ ನೋಡುವುದೂ ಒಳ್ಳೆಯದು, ವಾರಂಟಿ ಮುಗಿದಿದ್ದರೆ ಮಾತ್ರ. ಹೀಟ್‌ಸಿಂಕ್ ಎತ್ತಿದಾಗ ಬೂದು ಥರ್ಮಲ್ ಪೇಸ್ಟ್ ಅಂಚಿಗೆ ಸರಿದು, ಒಣಗಿ ಚಕ್ಕೆಯೆದ್ದಿರುತ್ತದೆ. ಹೆಚ್ಚು ಕಾಯುವ ನಟ್ಟನಡುವೆಯೇ ಚಿಪ್ ಬರಿಮೈಯಲ್ಲಿ ಹೊಳೆಯುತ್ತಿರುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸ ಪೇಸ್ಟ್ ಹಚ್ಚಬೇಕು. ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ ಬದಲಿಸುವುದಾದರೆ ಮೊದಲಿನಷ್ಟೇ ದಪ್ಪದ್ದಿರಲಿ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಚಿಪ್ಪಿಗೆ ತಾಗದೆ ಮೇಲೇ ನಿಲ್ಲಬಹುದು. ಕಟ್ಟಡ ಕಾಮಗಾರಿಯ ಧೂಳು ಬ್ಲೋವರ್‌ಗೆ ಬಿಡುತ್ತದೆ, ಆದರೆ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಆಫ್ಟರ್‌ಬರ್ನರ್‌ನಲ್ಲಿ ಐದು ಪ್ರೊಫೈಲ್ ಉಳಿಸಿಡಬಹುದು. ಎರಡು ಸಾಕು: ಚಳಿಗಾಲಕ್ಕೆ ನಿಮ್ಮ ಓವರ್‌ಕ್ಲಾಕ್, ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಅಂಡರ್‌ವೋಲ್ಟ್.